852 ಕೋಟಿಯ ಕನಸು, 38 ಕೋಟಿಯ ಗುಜರಿ

ಮುಂಬಯಿಯ ಹಾರ್ಬರ್ ಲೈನಿನಲ್ಲಿ ಓಡಾಡುವವರಿಗೆಲ್ಲ ರೇ ರೋಡ್ ಸ್ಟೇಷನ್ ಗೊತ್ತು. ಅಲ್ಲಿಳಿದು ಪೂರ್ವಕ್ಕೆ, ಸಮುದ್ರದ ಕಡೆ ಹೋದರೆ ಸಿಗುವುದೇ ದಾರೂಖಾನಾ. ಹಳೇ ಹಡಗುಗಳನ್ನು ಒಡೆದು ಕಬ್ಬಿಣ ಮಾರುವ ಜಾಗ. 2014ರ ನವೆಂಬರಿನಲ್ಲಿ ಅಲ್ಲಿ ಒಡೆಯಲು ಶುರು ಮಾಡಿದ್ದು ಯಾವುದೋ ಸರಕು ಹಡಗನ್ನಲ್ಲ. ನಮ್ಮ ದೇಶದ ಮೊಟ್ಟಮೊದಲ ವಿಮಾನವಾಹಕ ನೌಕೆ ವಿಕ್ರಾಂತವನ್ನು!

ಈ ಹಡಗಿನ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಎರಡನೇ ಮಹಾಯುದ್ಧಕ್ಕೆಂದು ಬ್ರಿಟಿಷರು ಕಟ್ಟತೊಡಗಿದ 'ಹರ್ಕ್ಯುಲೀಸ್' 1945ರ ಸೆಪ್ಟೆಂಬರಿನಲ್ಲಿ ನೀರಿಗಿಳಿಯುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಅರ್ಧಕ್ಕೇ ನಿಂತಿದ್ದ ಅದನ್ನು 1957ರಲ್ಲಿ ಭಾರತ ಕೊಂಡುಕೊಂಡಿತು. ಬೆಲ್‌ಫಾಸ್ಟಿನಲ್ಲಿ ಕೆಲಸ ಪೂರ್ಣಗೊಂಡು, 1961ರ ಮಾರ್ಚ್ 4ರಂದು ವಿಜಯಲಕ್ಷ್ಮಿ ಪಂಡಿತರ ಕೈಯಿಂದ ವಿಕ್ರಾಂತ ಎಂಬ ಹೆಸರಿನಲ್ಲಿ ನೌಕಾಪಡೆಗೆ ಸೇರಿತು. ಅದೇ ವರ್ಷದ ಮೇ ತಿಂಗಳಲ್ಲಿ ಅದರ ಮೇಲೆ ಮೊದಲ ಜೆಟ್ ವಿಮಾನ ಇಳಿಸಿದ ಲೆಫ್ಟಿನೆಂಟ್ ತಹಿಲಿಯಾನಿ ಮುಂದೆ ನೌಕಾಪಡೆಯ ಮುಖ್ಯಸ್ಥರೇ ಆದರು.

1971ರ ಯುದ್ಧದ ಹೊತ್ತಿಗೆ ಹಡಗಿನ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ಪೂರ್ತಿ ವೇಗದಲ್ಲಿ ಓಡಿಸುವಂತಿರಲಿಲ್ಲ. ಆದರೂ ಬಂಗಾಳ ಕೊಲ್ಲಿಗೆ ಕಳಿಸಿದರು. ಅದನ್ನೇ ಹುಡುಕಿಕೊಂಡು ಬಂದ ಪಾಕಿಸ್ತಾನದ 'ಘಾಜಿ' ಜಲಾಂತರ್ಗಾಮಿ ವಿಶಾಖಪಟ್ಟಣದ ಹತ್ತಿರ ಮುಳುಗಿತು. ಡಿಸೆಂಬರ್ 4ರಿಂದ ವಿಕ್ರಾಂತದ ಸೀ ಹಾಕ್ ಮತ್ತು ಅಲೀಝ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ಮಾಡಿದವು. ಬಾಂಗ್ಲಾದೇಶ ಹುಟ್ಟಿದ್ದರಲ್ಲಿ ಈ ಹಡಗಿನ ಪಾಲೂ ಇದೆ.

1997ರ ಜನವರಿ 31ಕ್ಕೆ ವಿಕ್ರಾಂತ ನಿವೃತ್ತಿಯಾಯಿತು. ತೇಲುವ ಮ್ಯೂಸಿಯಂ ಮಾಡಬೇಕೆಂಬ ಮಾತು ಆಗಲೇ ಇತ್ತು. 2001ರಿಂದ ಆಗಾಗ ಜನರಿಗೆ ನೋಡಲು ಬಿಡುತ್ತಿದ್ದರು. ನೇವಿ ವೀಕ್ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಸಾಲು ನಿಲ್ಲುತ್ತಿದ್ದ ಮುಂಬಯಿ ಕನ್ನಡಿಗರು ಅನೇಕರಿದ್ದೀರಿ, ನೆನಪಿರಬಹುದು. ಆದರೆ ಶಾಶ್ವತ ಮ್ಯೂಸಿಯಂ ಮಾತ್ರ ಆಗಲೇ ಇಲ್ಲ. ಖಾಸಗಿಯವರು ಯಾರಾದರೂ ಬರಲಿ ಅಂತ ಸರಕಾರ ಕಾಯಿತು, ಯಾರೂ ಬರಲಿಲ್ಲ. 2012ರಲ್ಲಿ ಹಡಗು ಹತ್ತುವುದು ಅಪಾಯ ಅಂತ ಅದನ್ನೂ ಮುಚ್ಚಿದರು. ವಿಷಯ ಬಾಂಬೆ ಹೈಕೋರ್ಟಿಗೆ ಹೋದಾಗ ರಾಜ್ಯ ಸರಕಾರ ಹೇಳಿದ್ದು, ನಮ್ಮಲ್ಲಿ ಅಷ್ಟು ಹಣವಿಲ್ಲ ಅಂತ. 2014ರಲ್ಲಿ ಸುಮಾರು 60 ಕೋಟಿಗೆ ಹರಾಜಾಯಿತು. ಅದರ ಲೋಹದ ಒಂದಿಷ್ಟು ಭಾಗ 2016ರಲ್ಲಿ ಬಜಾಜ್ 'ವಿ' ಬೈಕುಗಳಲ್ಲಿ ಸೇರಿತು. ಇನ್ನಷ್ಟು ಲಯನ್ ಗೇಟ್ ಹತ್ತಿರ ಸ್ಮಾರಕವಾಗಿ ನಿಂತಿದೆ.

ಒಮ್ಮೆ ಹೀಗಾಯಿತು, ಪಾಠ ಕಲಿತರು ಅಂದುಕೊಳ್ಳೋಣ. ಮುಂದೇನಾಯಿತು ನೋಡಿ. 2017ರ ಮಾರ್ಚ್ 6ರಂದು ವಿರಾಟ್ ನಿವೃತ್ತಿಯಾಯಿತು. 2018ರ ನವೆಂಬರಿನಲ್ಲಿ ಮಹಾರಾಷ್ಟ್ರ ಸಂಪುಟ ಸಿಂಧುದುರ್ಗದ ನಿವತಿ ಹತ್ತಿರ ಅದನ್ನು ಮ್ಯೂಸಿಯಂ ಮಾಡುವ 852 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕಾಗದದ ಮೇಲೆ ಎಷ್ಟು ಚೆಂದ! ಆದರೆ ಆ ಹಣ ಸರಕಾರದ ಜೇಬಿನಿಂದಲೇ ಬರಬೇಕೆಂದಿರಲಿಲ್ಲ, ಖಾಸಗಿಯವರೂ ಕೈಜೋಡಿಸಬೇಕಿತ್ತು. ಪೂರ್ತಿ ಹಣಕಾಸಿನ ವ್ಯವಸ್ಥೆಯಿರುವ ಪ್ರಸ್ತಾವ ಯಾವ ರಾಜ್ಯದಿಂದಲೂ ಬರಲಿಲ್ಲವೆಂದು 2019ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. 2020ರಲ್ಲಿ 38.54 ಕೋಟಿಗೆ ಮಾರಾಟವಾಗಿ, ವಿರಾಟ್ ಗುಜರಾತಿನ ಅಲಂಗ್ ದಡ ಸೇರಿತು.

ಹೋಗಲಿ ಬಿಡಿ, ಆ ದುಡ್ಡಿನಲ್ಲಿ ಆಸ್ಪತ್ರೆ ಕಟ್ಟಬಹುದಲ್ಲ ಎನ್ನುವವರಿದ್ದಾರೆ. ಅದು ತಳ್ಳಿಹಾಕುವ ಮಾತಲ್ಲ. ಸುಮಾರು 210 ಮೀಟರ್ ಉದ್ದದ ಉಕ್ಕಿನ ಹಡಗು ಉಪ್ಪುನೀರಿನಲ್ಲಿ ನಿಂತಿದ್ದರೆ ಕೆಳಗಿನಿಂದ ತುಕ್ಕು ತಿನ್ನುತ್ತಲೇ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಡ್ರೈ ಡಾಕಿಗೆ ಒಯ್ದು ತಳ ಕೆರೆದು ರಿಪೇರಿ ಮಾಡಬೇಕು. ಒಂದು ಸಲ ಹಣ ಬಿಡುಗಡೆ ಮಾಡಿ ಫೋಟೋ ತೆಗೆಸಿಕೊಂಡರೆ ಮುಗಿಯುವ ಕೆಲಸವಲ್ಲ. ಮನೆಯಲ್ಲಿ ಆನೆ ಸಾಕಿದ ಹಾಗೆ, ತಂದದ್ದಕ್ಕಿಂತ ಮೇವಿನ ಖರ್ಚೇ ಹೆಚ್ಚು. ನಮ್ಮಲ್ಲಿ ಎಲ್ಲರೂ ಆನೆ ತರುವ ಬಗ್ಗೆ ಭಾಷಣ ಮಾಡಿದರು, ಮೇವಿನ ಲೆಕ್ಕ ಯಾರೂ ಬರೆಯಲಿಲ್ಲ. ವಿಕ್ರಾಂತ ಹೋದದ್ದು ಇಲ್ಲೇ ಅಂತ ನನಗನ್ನಿಸುತ್ತದೆ.

ಹಾಗಂತ ನಮ್ಮಿಂದ ಆಗುವುದೇ ಇಲ್ಲವೆಂದಲ್ಲ. ಘಾಜಿ ಮುಳುಗಿದ ಅದೇ ವಿಶಾಖಪಟ್ಟಣಕ್ಕೆ ಹೋಗಿ ನೋಡಿ. 2001ರಲ್ಲಿ ನಿವೃತ್ತಿಯಾದ ಕುರ್ಸುರಾ ಜಲಾಂತರ್ಗಾಮಿಯನ್ನು ಮರಳಿನ ಮೇಲೆಳೆದು 2002ರಲ್ಲಿ ಮ್ಯೂಸಿಯಂ ಮಾಡಿದರು. ನೀರಿನಲ್ಲಿಲ್ಲ, ಆದ್ದರಿಂದ ಡ್ರೈ ಡಾಕಿನ ತಾಪತ್ರಯವಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರ ನೋಡಿಕೊಳ್ಳುತ್ತದೆ, ಟಿಕೆಟ್ ಇಟ್ಟಿದೆ, ಜನ ಬರುತ್ತಾರೆ. ಅದು ನಡೆಯಿತು ಅಂತಲೇ 2017ರ ಡಿಸೆಂಬರಿನಲ್ಲಿ ರಸ್ತೆಯಾಚೆ ಟುಪೊಲೆವ್-142 ವಿಮಾನವೂ ಬಂದು ಕೂತಿತು. ಹೀಗೆ ಮ್ಯೂಸಿಯಂ ಬೆಳೆಯುವುದು ಒಂದಾದ ಮೇಲೊಂದಾಗಿ, ಮೊದಲನೆಯದನ್ನು ಸಾಕಿ ತೋರಿಸಿದ ಮೇಲೆ.

ಇದನ್ನೆಲ್ಲ ಈಗೇಕೆ ಹೇಳುತ್ತಿದ್ದೇನೆಂದರೆ, ಈ ಪ್ರಶ್ನೆ ನಮ್ಮೂರ ದಡಕ್ಕೂ ಬಂದಿದೆ. ಕಾರವಾರದ ಟಾಗೋರ್ ಬೀಚಿನಲ್ಲಿ 2006ರಿಂದ ಐಎನ್‌ಎಸ್ ಚಪಲ್ ಹಡಗಿನ ಮ್ಯೂಸಿಯಂ ಇದೆ. 2023ರಲ್ಲಿ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ಅಲ್ಲಿಗೂ ಒಂದು ಟುಪೊಲೆವ್ ಬಂತು. ಸುಮಾರು 50 ಮೀಟರ್ ರೆಕ್ಕೆಯ ದೈತ್ಯ. 1988ರಿಂದ 2017ರವರೆಗೆ ನಮ್ಮ ಸಮುದ್ರ ಕಾದ ಸಂತತಿಯದು. ಎರಡೂ ನೆಲದ ಮೇಲಿವೆ, ಆದರೆ ಅರಬ್ಬೀ ಸಮುದ್ರದ ಉಪ್ಪುಗಾಳಿಗೆ, ನಾಲ್ಕು ತಿಂಗಳ ಮಳೆಗೆ ಮೈಯೊಡ್ಡಿ ನಿಂತಿವೆ. ಪ್ರತಿ ವರ್ಷ ಬಣ್ಣ ಬೇಕು, ಮುರಿದ ಮೆಟ್ಟಿಲು ಸರಿ ಮಾಡಲು, ಕಥೆ ಹೇಳಲು ಜನ ಬೇಕು.

ತೆರಿಗೆ ದುಡ್ಡು ಕೊಡಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಉದ್ಘಾಟನೆಗೆ ಎಷ್ಟು ಕೋಟಿ ಎನ್ನುವುದಕ್ಕಿಂತ, ಹತ್ತನೇ ವರ್ಷದ ಬಣ್ಣಕ್ಕೆ ಹಣ ಯಾವ ಲೆಕ್ಕದಿಂದ ಎಂದು ಮೊದಲು ಕೇಳಬೇಕು. ಬೇಸಿಗೆ ರಜೆಗೆ ಊರಿಗೆ ಹೋಗುವವರು ಗೋಕರ್ಣ, ಮುರ್ಡೇಶ್ವರದ ಜೊತೆಗೆ ಕಾರವಾರದಲ್ಲೂ ಅರ್ಧ ದಿನ ಇಳಿದು ಟಿಕೆಟ್ ಕೊಳ್ಳಿ. ಮಕ್ಕಳಿಗೆ ವಿಕ್ರಾಂತದ ಕಥೆಯನ್ನೂ ಹೇಳಿ. ತೋರಿಸಲಂತೂ ಅದು ಉಳಿದಿಲ್ಲ. ಏನಂತೀರಿ?