ಕಾಣೆಯಾದ ಶಿಖರ

ಒಮ್ಮೆ ನ್ಯುಮೋನಿಯಾ ಬಂದರೇ ಮನೆಮಂದಿ ಹೆದರುತ್ತಾರೆ. ಅಮೆರಿಕದ ಎಂಟು ವರ್ಷದ ಒಬ್ಬ ಹುಡುಗನಿಗೆ ನಾಲ್ಕು ವರ್ಷಗಳಲ್ಲಿ ಕನಿಷ್ಠ 19 ಸಲ ರಕ್ತ ನಂಜಾಗಿತ್ತು ಎಂದರೆ ನಂಬುತ್ತೀರಾ? ಹತ್ತು ಸಲ ಅವನ ರಕ್ತದಲ್ಲಿ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಸಿಕ್ಕಿತ್ತು.

ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ಮಕ್ಕಳ ವೈದ್ಯ ಆಗ್ಡನ್ ಬ್ರೂಟನ್ ಅವನ ರಕ್ತರಸವನ್ನು ಎಲೆಕ್ಟ್ರೋಫೊರೆಸಿಸ್ ಪರೀಕ್ಷೆಗೆ ಒಳಪಡಿಸಿದರು. ವಿದ್ಯುತ್ ಹಾಯಿಸಿದಾಗ ಪ್ರೋಟೀನುಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಆಲೇಖದಲ್ಲಿ ಬೆಟ್ಟಸಾಲಿನಂತೆ ಶಿಖರಗಳು ಮೂಡುತ್ತವೆ. ಹುಡುಗನ ಆಲೇಖದಲ್ಲಿ ಒಟ್ಟು ಪ್ರೋಟೀನು ಸರಿಯಾಗಿಯೇ ಇತ್ತು. ಆದರೆ ಗ್ಯಾಮಾ ಗ್ಲಾಬ್ಯುಲಿನ್‌ನ ಶಿಖರವೇ ಇರಲಿಲ್ಲ. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಇರುವುದು ಅದರಲ್ಲೇ. (ಕಿಣ್ವವನ್ನು ಕ್ಯಾಮೆರಾದ ಮುಂದೆ ಕೂರಿಸಲಾಗದು, ನನ್ನಂಥ ನಿರ್ಮಾಪಕನಿಗೆ ಈ ಬೋಳು ಆಲೇಖವೇ ಆಸರೆ.) ಇಲ್ಲದ್ದನ್ನು ಹೊರಗಿನಿಂದ ಕೊಟ್ಟರೆ? ಬ್ರೂಟನ್ ತಿಂಗಳಿಗೊಮ್ಮೆ ಗ್ಯಾಮಾ ಗ್ಲಾಬ್ಯುಲಿನ್ ಚುಚ್ಚುಮದ್ದು ಕೊಡತೊಡಗಿದರು. ನಂಜು ನಿಂತಿತು. 1952ರಲ್ಲಿ ಅವರ ವರದಿ ಪ್ರಕಟವಾಯಿತು.

ಚಿಕಿತ್ಸೆ ಸಿಕ್ಕಿತು, ಕಾರಣ ಸಿಗಲಿಲ್ಲ. ಕಾಯಿಲೆ ಹೆಚ್ಚುಕಡಿಮೆ ಗಂಡುಮಕ್ಕಳಿಗೇ ಬರುತ್ತದೆ, ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಇಳಿಯುತ್ತದೆ ಎಂಬುದು ಮುಂದೆ ತಿಳಿಯಿತು. ದೋಷವಿರುವ ಜೀನು ಮಾತ್ರ ಕೈಗೆ ಸಿಕ್ಕಿದ್ದು 1993ರಲ್ಲಿ, ಅದೂ ಎರಡು ತಂಡಗಳಿಗೆ ಪ್ರತ್ಯೇಕವಾಗಿ. ಅದು ತಯಾರಿಸುವ ಕಿಣ್ವಕ್ಕೆ ವೈದ್ಯರ ಹೆಸರೇ ನಿಂತಿತು: ಬ್ರೂಟನ್ ಟೈರೋಸಿನ್ ಕೈನೇಸ್.

ಇದರ ಕೆಲಸವೇನು? ಕಚೇರಿಯ ಕಡತವನ್ನು ನೆನೆಯಿರಿ. ಬಿ ಜೀವಕೋಶದ ಹೊರಪೊರೆಯ ಗ್ರಾಹಕಕ್ಕೆ ರೋಗಾಣು ತಾಗಿದರೆ ಸುದ್ದಿ ಒಳಗೆ ಮೇಜಿನಿಂದ ಮೇಜಿಗೆ ಸಾಗಬೇಕು. ಪ್ರತಿ ಮೇಜಿನ ಸಹಿ ಎಂದರೆ ಒಂದು ಫಾಸ್ಫೇಟ್ ಗುಂಪು. ನಮ್ಮ ಕೈನೇಸ್ ಮುಂದಿನ ಪ್ರೋಟೀನಿನ ಟೈರೋಸಿನ್‌ಗೆ ಆ ಸಹಿ ಹಾಕುತ್ತದೆ. ಮೂಳೆಮಜ್ಜೆಯಲ್ಲಿ ಎಳೆಯ ಬಿ ಕೋಶ ಬಲಿಯುವುದಕ್ಕೂ ಇದೇ ಸಹಿ ಬೇಕು. ಸಹಿ ಹಾಕುವವರಿಲ್ಲದಿದ್ದರೆ ಕೋಶ ಅಲ್ಲೇ ಉಳಿಯುತ್ತದೆ, ಪ್ರತಿಕಾಯ ಹುಟ್ಟುವುದೇ ಇಲ್ಲ.

ಕಥೆ ತಿರುಗುವುದು ಇಲ್ಲಿ. ಕೆಲವು ರಕ್ತದ ಕ್ಯಾನ್ಸರುಗಳಲ್ಲಿ ಕೆಟ್ಟ ಬಿ ಕೋಶಗಳು ಬದುಕುಳಿಯುವುದು ಇದೇ ಸುದ್ದಿಯ ಬಲದಿಂದ. ಹಾಗಾದರೆ ಸಹಿಯನ್ನು ತಡೆಯಬಾರದೇಕೆ? ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುವ ಇಬ್ರುಟಿನಿಬ್ ಮಾತ್ರೆಗೆ ಅಮೆರಿಕ 2013ರಲ್ಲಿ ಮ್ಯಾಂಟಲ್ ಕೋಶದ ಲಿಂಫೋಮಾಗೆ, 2014ರಲ್ಲಿ ದೀರ್ಘಕಾಲಿಕ ಲಿಂಫಾಟಿಕ್ ಲ್ಯುಕೇಮಿಯಾಗೆ ಅನುಮತಿ ನೀಡಿತು. ಮಾತ್ರೆ ನುಂಗುವವರಿಗೆ ಸೋಂಕಿನ ಭಯ ಇದ್ದೇ ಇದೆ. ಏಕೆಂದು ನೀವೇ ಊಹಿಸಬಲ್ಲಿರಿ.

ಜೀನಿನ ದೋಷದೊಂದಿಗೆ ಹುಟ್ಟಿದ ಗಂಡುಮಕ್ಕಳು ಇಂದಿಗೂ ಹೆಚ್ಚಾಗಿ ನೆಚ್ಚಿರುವುದು ಬ್ರೂಟನ್ ಹಿಡಿದ ದಾರಿಯನ್ನೇ. ಬದುಕಿರುವಷ್ಟು ಕಾಲ ಅವರಿಗೆ ಗ್ಲಾಬ್ಯುಲಿನ್ ಬೇಕು. ಅದನ್ನು ತೆಗೆಯುವುದು ಸಾವಿರಾರು ದಾನಿಗಳ ಪ್ಲಾಸ್ಮಾದಿಂದ.