ಸೂಳೆಕೆರೆ ಸೀಮೆ: ನೀರು, ನೆಲ ಮತ್ತು ಪಟೇಲರು

ಎರಡು ಗುಡ್ಡಗಳ ಸಂದಿಗೆ ಅಡ್ಡಲಾಗಿ ಕಟ್ಟಿದ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿ ಸಾವಿರ ಅಡಿಯೂ ಉದ್ದವಿಲ್ಲ. ಆದರೆ ಅದರ ಹಿಂದೆ ನಿಲ್ಲುವ ನೀರಿನ ಹರವು ಸುಮಾರು ಆರೂವರೆ ಸಾವಿರ ಎಕರೆ. ಹರಿದ್ರಾ ಹಳ್ಳವನ್ನು ಇಲ್ಲೇ ತಡೆಯಬೇಕೆಂದು ಜಾಗ ಗುರುತಿಸಿದವರ ಕಣ್ಣಳತೆ ದೊಡ್ಡದು. ಕಟ್ಟಿಸಿದವಳು ರಾಜಕುಮಾರಿ ಶಾಂತವ್ವ ಎನ್ನುತ್ತದೆ ಐತಿಹ್ಯ. ಸರ್ಕಾರಿ ಕಾಗದದಲ್ಲಿ ಕೆರೆಗೆ ಶಾಂತಿಸಾಗರ ಎಂಬ ಹೆಸರೂ ಉಂಟು. ಸಿದ್ಧನಾಲೆ, ಬಸವನಾಲೆಗಳಲ್ಲಿ ಇಳಿಯುವ ನೀರು ಕೆಳಗಿನ ಗದ್ದೆ ತೋಟಗಳಿಗೆ. ಕೋಡಿ ಬಿದ್ದ ನೀರು ಹರಿಹರದ ಬಳಿ ತುಂಗಭದ್ರೆ ಸೇರುತ್ತದೆ.

ನೀರಿದ್ದ ನೆಲಕ್ಕೆ ಬೆಲೆ ಬರುತ್ತದೆ. ಬೆಲೆ ಬಂದ ನೆಲದಲ್ಲಿ ಉಳುವವನು ಯಾರು, ಗೇಣಿ ಎತ್ತುವವನು ಯಾರು ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ಈ ಸೀಮೆಯೂ ಸೇರಿದ್ದ ಹಳೆಯ ಶಿವಮೊಗ್ಗ ಜಿಲ್ಲೆಯಲ್ಲಿ ಅದು ಸ್ಫೋಟಗೊಂಡದ್ದು 1951ರಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಕಿಡಿ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದಿಂದ: ಧಣಿಗಳ ಕೊಳಗ ದೊಡ್ಡದೆಂದು ಗೇಣಿದಾರರು ತಿರುಗಿಬಿದ್ದರು. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಸಮಾಜವಾದಿ ಗುಂಪಿನ ಜತೆ ಬೆಳೆದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು. ಹುಟ್ಟಿದ್ದು 1930ರಲ್ಲಿ, ಅನುಕೂಲಸ್ಥ ಮನೆತನದಲ್ಲಿ. ಉಳುವವರ ಪರ ನಿಲ್ಲಲು ಅವರಿಗೆ ಹೊಟ್ಟೆಪಾಡಿನ ಒತ್ತಾಯವಿರಲಿಲ್ಲ. ಅದಕ್ಕೇ ಅವರ ಆಯ್ಕೆಗೆ ತೂಕವಿದೆ ಎಂದು ನನಗನ್ನಿಸುತ್ತದೆ.

1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದವರು ಅವರೇ. ಸ್ಪೀಕರ್ ಸಂಜೀವ ರೆಡ್ಡಿ ಅದಕ್ಕೆ ಅವಕಾಶ ಕೊಟ್ಟರು. ಇದನ್ನು ಭಾಷಾಭಿಮಾನದ ಕಥೆಯಾಗಿ ಹೇಳುವುದೇ ರೂಢಿ. ಆದರೆ ಗೇಣಿ, ಪಹಣಿ, ಕಂದಾಯದ ಸಂಕಟ ಹೊತ್ತ ರೈತನಿಗೆ ತನ್ನ ಪ್ರತಿನಿಧಿ ಏನಂದನೆಂದು ನೇರವಾಗಿ ತಿಳಿಯಬೇಡವೇ? ಲೋಹಿಯಾ ಪಾಠದಲ್ಲಿ ಭಾಷೆ, ನೆಲ ಎರಡೂ ಬೇರೆಬೇರೆಯಾಗಿರಲಿಲ್ಲ.

ವಿಚಿತ್ರವೆಂದರೆ, ಸಮಾಜವಾದಿಗಳು ಕೂಗಿ ಕೇಳಿದ, ಉಳುವವನಿಗೇ ನೆಲ ಎಂಬ ಕಾನೂನನ್ನು ತಂದದ್ದು ಕಾಂಗ್ರೆಸ್ಸಿನ ದೇವರಾಜ ಅರಸರು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿದಾರರು ಡಿಕ್ಲರೇಷನ್ ಹಾಕಿಕೊಂಡು ಭೂನ್ಯಾಯ ಮಂಡಳಿಯ ಮುಂದೆ ನಿಂತರು. ಮೊದಲಿಗೆ ಅಲ್ಲಿಗೆ ವಕೀಲರಿಗೆ ಪ್ರವೇಶವಿರಲಿಲ್ಲ. ಧಣಿಯ ಎದುರು ಒಕ್ಕಲು ತಾನೇ ಬಾಯಿ ತೆರೆಯಬೇಕಿತ್ತು. ಮುಂದಿನ ವರ್ಷವೇ ತುರ್ತುಪರಿಸ್ಥಿತಿ ಬಂತು, ಪಟೇಲರು ಸೆರೆಮನೆಗೆ ಹೋದರು.

1978ರಿಂದ ಚನ್ನಗಿರಿಯ ಶಾಸಕ, ಮಂತ್ರಿ, ಉಪಮುಖ್ಯಮಂತ್ರಿ. 1996ರಿಂದ 1999ರವರೆಗೆ ಮುಖ್ಯಮಂತ್ರಿ. ಈ ಸೀಮೆಯವರ ನಿತ್ಯದ ಓಡಾಟವನ್ನು ಬದಲಿಸಿದ್ದು ಅವರ ಒಂದು ತೀರ್ಮಾನ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗವನ್ನು ಬಿಟ್ಟು ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ಜಿಲ್ಲಾಧಿಕಾರಿ ಕಚೇರಿಗೆ ಹೊರಟ ರೈತ ಈಗ ದಾವಣಗೆರೆ ಬಸ್ ಹತ್ತಬೇಕಾಯಿತು. ಇಷ್ಟಾದರೂ 1999ರ ಚುನಾವಣೆಯಲ್ಲಿ ಚನ್ನಗಿರಿ ಅವರನ್ನು ಸೋಲಿಸಿತು. ಮರುವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಈಗ ಜಗಳ ಗೇಣಿಯದಲ್ಲ. ಭತ್ತದ ಜಾಗಕ್ಕೆ ಅಡಿಕೆ ನುಗ್ಗಿದೆ. ಇದೇ ಕೆರೆಯ ನೀರು ಪೈಪಿನಲ್ಲಿ ಚಿತ್ರದುರ್ಗದ ನಲ್ಲಿಗೂ ಹೋಗುತ್ತದೆ. ಹೂಳು ತುಂಬಿ, ಅಂಗಳ ಒತ್ತುವರಿಯಾಗಿ, ಗಡಿ ಗುರುತಿಸಿಕೊಡಿ ಎಂದು ಊರ ಯುವಕರು ಹೋರಾಟಕ್ಕೆ ಇಳಿಯಬೇಕಾಯಿತು. ಕೆರೆಯಂಗಳದಲ್ಲಿ ನೇಗಿಲು ಹೂಡಿದವನೂ ಉಳುವವನೇ. ಆದರೆ ಅವನ ಹೆಸರಿಗೆ ಆ ನೆಲ ಬರೆದುಕೊಟ್ಟರೆ, ಕೆಳಗಿನ ನಾಲೆಯ ಕೊನೆಯಲ್ಲಿರುವ ರೈತನ ಪಾಲಿಗೆ ನೀರೇ ಇಲ್ಲ.