ಸಿಮೆಂಟ್ ಮೂಟೆ ರೈಲಿಳಿದ ಕಥೆ

ಮನೆ ಕಟ್ಟುವಾಗ ಬಾಗಿಲಿಗೆ ಸಿಮೆಂಟ್ ಲಾರಿ ಬರೋದು ನಮಗೆಲ್ಲ ಮಾಮೂಲು. ಆದ್ರೆ ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಈ ಮೂಟೆಗಳು ಹೆಚ್ಚಾಗಿ ಬರ್ತಿದ್ದದ್ದು ಗೂಡ್ಸ್ ರೈಲಿನಲ್ಲಿ. ಆಗ ಸಿಮೆಂಟಿನ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿದ್ದವು. 1982ರಲ್ಲಿ ಆ ಹಿಡಿತ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಅದೇ ದಶಕದಲ್ಲಿ ರೈಲ್ವೆ ಬಿಡಿ ವ್ಯಾಗನ್ ಬುಕಿಂಗ್ ಬಿಟ್ಟು ಇಡೀ ರೈಲಿನ ಲೋಡಿನತ್ತ ಹೊರಳಿತು. ಒಂದು ರೈಲು ಅಂದ್ರೆ 2,000 ಟನ್ನಿಗೂ ಹೆಚ್ಚು, ಅಂದರೆ 40,000 ಮೂಟೆ! 200 ಮೂಟೆ ಸಾಕೆನ್ನುವ ಅಂಗಡಿಯವನು ಏನು ಮಾಡಬೇಕು? ಲಾರಿ ಹಿಡಿದ.

ಟನ್ ಲೆಕ್ಕದಲ್ಲಿ ಇಂಧನ ಕಡಿಮೆ ಸುಡೋದು ರೈಲೇ. ಆದರೆ ಬಾಗಿಲ ತನಕ ಬಂದದ್ದು ಲಾರಿ. ಅದು ಸವೆಸಿದ ರಸ್ತೆಯ ಖರ್ಚು ಸಿಮೆಂಟ್ ಬಿಲ್ಲಿನಲ್ಲಿ ಕಾಣೋದಿಲ್ಲ. ಕೊಡೋರು ಮಾತ್ರ ನಾವೇ.